ಹಿಟ್ ಆಗದ ಹಾಡಿನಿಂದ ತೊಡಗುವ ಹಿಟ್ ಸಂಕಲನ: ಕರ್ಸ್ಟಿ ಮಕಾಲ್ ಅವರ ‘ಗಲೋರ್’

1983ರಲ್ಲಿ ಬ್ರಿಟನ್ನಿನ ಹಾಸ್ಯನಟಿ ಟ್ರೇಸಿ ಅಲ್ಮನ್ ಹಾಡಿದ ‘ದೇ ಡೋಂಟ್ ನೋ’ ಎಂಬ ಹಾಡು ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಮರುವರ್ಷ ಅಮೆರಿಕದಲ್ಲೂ ಎಂಟನೆಯ ಸ್ಥಾನ ಪಡೆಯಿತು. ಈ ಹಾಡಿನ ಕೊನೆಯ ಚರಣಕ್ಕೆ ಮುನ್ನ ‘ಬೇಬಿ’ ಎಂಬ ಒಂದೇ ಒಂದು ಪದ ಇದ್ದಕ್ಕಿದ್ದಂತೆ ಬಹಳ ಎತ್ತರದ ಸ್ಥಾಯಿಯಲ್ಲಿ ಚಿಮ್ಮುತ್ತದೆ. ಹಾಡನ್ನು ಒಮ್ಮೆ ಕೇಳಿದವರಿಗೆ ಬೇರೇನು ಮರೆತರೂ ಆ ಒಂದು ಪದ ಮರೆಯುವುದಿಲ್ಲ. ಆದರೆ ಅದು ಅಲ್ಮನ್ ಅವರ ದನಿಯಲ್ಲ. ಅವರಿಗೆ ಆ ಸ್ವರ ಎಟುಕದೆ ಹೋದದ್ದರಿಂದ, ಹಾಡನ್ನು ಬರೆದು ನಾಲ್ಕು ವರ್ಷ ಮೊದಲೇ ತಾವೇ ಹಾಡಿ ಬಿಡುಗಡೆ ಮಾಡಿದ್ದ ಕರ್ಸ್ಟಿ ಮಕಾಲ್ ಅವರೇ ಆ ಪದವನ್ನು ಹಾಡಿಕೊಟ್ಟರು. ಲಕ್ಷಾಂತರ ಮಂದಿ ಕೊಂಡು ಕೇಳಿದ ಹಾಡಿನಲ್ಲಿ ಅದನ್ನು ಕಟ್ಟಿದವಳ ದನಿ ಹಿಮ್ಮೇಳದಲ್ಲೂ ಆ ಒಂದು ಪದದಲ್ಲೂ ಮಾತ್ರ ಉಳಿದಿತ್ತು.

ಕರ್ಸ್ಟಿ ಮಕಾಲ್ ಅವರ ಇಡೀ ವೃತ್ತಿಬದುಕಿಗೆ ಇದಕ್ಕಿಂತ ತಕ್ಕ ಚಿತ್ರ ಸಿಗುವುದು ಕಷ್ಟ. ಆ ಬದುಕನ್ನು ಒಂದೆಡೆ ಕೂಡಿಸಿದ ಆಲ್ಬಮ್ ‘ಗಲೋರ್’. ವರ್ಜಿನ್ ಕಂಪನಿ 1995ರಲ್ಲಿ ಹೊರತಂದ ಈ ಸಂಕಲನದಲ್ಲಿ 18 ಹಾಡುಗಳಿವೆ. 1979ರಿಂದ 1995ರವರೆಗಿನ ಅವರ ಕೆಲಸ ಬಹುಮಟ್ಟಿಗೆ ಕಾಲಾನುಕ್ರಮದಲ್ಲೇ ಸಾಗುತ್ತದೆ. ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ಅದು ಆರನೆಯ ಸ್ಥಾನಕ್ಕೆ ಬಂತು. ಅವರ ಯಾವ ಸ್ವತಂತ್ರ ಆಲ್ಬಮ್ಮೂ ಅಷ್ಟು ಮೇಲಕ್ಕೆ ಹೋಗಿರಲಿಲ್ಲ. ‘ಗಲೋರ್’ ಎಂಬ ಇಂಗ್ಲಿಷ್ ಪದ ಐರಿಷ್ ಭಾಷೆಯಿಂದ ಬಂದದ್ದು. ಬೇಕಾದಷ್ಟು, ಧಾರಾಳವಾಗಿ ಎಂಬುದು ಅದರ ಅರ್ಥ. ಈ ಹೆಸರಿನಲ್ಲಿ ಸಣ್ಣದೊಂದು ಕೊಂಕೂ ಇದೆ ಎಂದು ನನಗೆ ಅನ್ನಿಸುತ್ತದೆ. ಏಕೆಂದರೆ ಅಷ್ಟು ಹೊತ್ತಿಗೆ ಅವರೊಬ್ಬರ ಹೆಸರಿನಲ್ಲಿ ಬ್ರಿಟನ್ನಿನ ಮೊದಲ ನಲವತ್ತರೊಳಗೆ ಬಂದಿದ್ದ ಹಾಡುಗಳು ನಾಲ್ಕೇ ನಾಲ್ಕು.

ಹಾಗಿದ್ದರೆ ನಾಲ್ಕು ಹಿಟ್‌ಗಳ ಗಾಯಕಿಗೆ ಹದಿನೆಂಟು ಹಾಡುಗಳ ಹಿಟ್ ಸಂಕಲನ ಹೇಗೆ ಸಾಧ್ಯವಾಯಿತು, ಮತ್ತು ಅದೇ ಅವರ ಅತ್ಯಂತ ಯಶಸ್ವಿ ಆಲ್ಬಮ್ ಏಕಾಯಿತು ಎಂಬುದು ಪ್ರಶ್ನೆ. ಇದಕ್ಕೆ ಉತ್ತರ ಸಂಗೀತದಲ್ಲಿ ಎಷ್ಟಿದೆಯೋ ರೆಕಾರ್ಡ್ ವ್ಯಾಪಾರದ ಒಳಗುಟ್ಟುಗಳಲ್ಲೂ ಅಷ್ಟೇ ಇದೆ.

ಸಾಮಾನ್ಯವಾಗಿ ಹಿಟ್ ಸಂಕಲನವೆಂದರೆ ಕಂಪನಿಯ ಪಾಲಿಗೆ ಬೆವರಿಲ್ಲದ ದುಡಿಮೆ. ಹಾಡುಗಳು ಆಗಲೇ ಮುದ್ರಣವಾಗಿರುತ್ತವೆ, ಜನರಿಗೆ ಪರಿಚಿತವಾಗಿರುತ್ತವೆ, ಖರ್ಚು ಕಡಿಮೆ. ಹತ್ತಾರು ಹಿಟ್‌ಗಳಿರುವ ಗಾಯಕರ ಮಟ್ಟಿಗೆ ಇಂಥ ಸಂಕಲನ ಜನರು ಆಗಲೇ ಬಲ್ಲದ್ದನ್ನು ಮತ್ತೊಮ್ಮೆ ಕಟ್ಟಿಕೊಡುತ್ತದೆ, ಅಷ್ಟೆ. ಕರ್ಸ್ಟಿ ಅವರ ಮಟ್ಟಿಗೆ ಅದು ಬೇರೆಯೇ ಕೆಲಸ ಮಾಡಿತು. ಅವರ ಹಾಡುಗಳು ಸ್ಟಿಫ್, ಪಾಲಿಡೋರ್, ವರ್ಜಿನ್, ಜ಼ಡ್‌ಟಿಟಿ ಎಂಬ ನಾಲ್ಕು ಕಂಪನಿಗಳಲ್ಲಿ ಹರಿದು ಹಂಚಿಹೋಗಿದ್ದವು. ಕೆಲವು ಯಾವ ಆಲ್ಬಮ್ಮಿಗೂ ಸೇರದೆ ಬಿಡಿಯಾಗಿ ಬಂದು ಮರೆಯಾಗಿದ್ದವು, ಅತ್ಯಂತ ಪ್ರಸಿದ್ಧವಾದ ಒಂದು ಹಾಡು ಬೇರೆಯ ತಂಡದ ಆಲ್ಬಮ್ಮಿನಲ್ಲಿತ್ತು. ಅವನ್ನೆಲ್ಲ ಒಂದೆಡೆ ಇಟ್ಟು ನೋಡುವ ಅವಕಾಶವೇ ಅಲ್ಲಿಯವರೆಗೆ ಯಾರಿಗೂ ಸಿಕ್ಕಿರಲಿಲ್ಲ. ರೇಡಿಯೊದಲ್ಲಿ ಆಗೊಮ್ಮೆ ಈಗೊಮ್ಮೆ ಕೇಳಿ ಇಷ್ಟಪಟ್ಟ ಐದಾರು ಹಾಡುಗಳು ಒಬ್ಬಳದೇ ಎಂಬುದು ಎಷ್ಟೋ ಕೇಳುಗರಿಗೆ ತಿಳಿಯಲು ಇಂಥದೊಂದು ಸಂಕಲನವೇ ಬೇಕಿತ್ತು.

ಮೊದಲ ಹಾಡನ್ನೇ ನೋಡೋಣ. ‘ದೇ ಡೋಂಟ್ ನೋ’ದ ಮೂಲ ಮುದ್ರಣ ಬಿಡುಗಡೆಯಾದದ್ದು 1979ರಲ್ಲಿ, ಸ್ಟಿಫ್ ಎಂಬ ಸಣ್ಣ ಸ್ವತಂತ್ರ ಕಂಪನಿಯಿಂದ. ಆಗ ಕರ್ಸ್ಟಿ ಅವರಿಗೆ ಹತ್ತೊಂಬತ್ತು ವರ್ಷ. ರೇಡಿಯೊ ಕೇಂದ್ರಗಳು ಹಾಡನ್ನು ಎಷ್ಟು ಮೆಚ್ಚಿ ಬಿತ್ತರಿಸಿದವೆಂದರೆ, ಪ್ರಸಾರದ ಲೆಕ್ಕ ಇಡುವ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನ ತಲುಪಿತು. ಆದರೆ ಬ್ರಿಟನ್ನಿನ ಮುಖ್ಯ ಪಟ್ಟಿ ತಯಾರಾಗುತ್ತಿದ್ದುದು ಪ್ರಸಾರದಿಂದಲ್ಲ, ಅಂಗಡಿಗಳಲ್ಲಿ ಆಗುವ ಮಾರಾಟದಿಂದ. ಸರಿಯಾಗಿ ಅದೇ ಹೊತ್ತಿಗೆ ಸ್ಟಿಫ್ ಕಂಪನಿಯ ರೆಕಾರ್ಡುಗಳನ್ನು ವಿತರಿಸುತ್ತಿದ್ದ ಸಂಸ್ಥೆಯಲ್ಲಿ ಮುಷ್ಕರ ನಡೆಯಿತು. ಹಾಡನ್ನು ರೇಡಿಯೊದಲ್ಲಿ ಕೇಳಿ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ರೆಕಾರ್ಡೇ ಸಿಗಲಿಲ್ಲ. ಹೀಗೆ ಇಡೀ ದೇಶ ಗುನುಗುತ್ತಿದ್ದ ಹಾಡು ಮುಖ್ಯ ಪಟ್ಟಿಯಲ್ಲಿ ಎಲ್ಲೂ ಕಾಣಿಸಿಕೊಳ್ಳಲಿಲ್ಲ. ಲೆಕ್ಕದ ಪುಸ್ತಕದ ಪ್ರಕಾರ ‘ಗಲೋರ್’ ತೊಡಗುವುದೇ ಒಂದು ಸೋತ ಹಾಡಿನಿಂದ.

ಇಲ್ಲಿ ಹಕ್ಕುಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಒಂದು ಹಾಡಿಗೆ ಎರಡು ಬಗೆಯ ಒಡೆತನ ಇರುತ್ತದೆ. ಸಾಹಿತ್ಯ ಮತ್ತು ರಾಗದ ಹಕ್ಕು ಅದನ್ನು ಕಟ್ಟಿದವರಿಗೆ ಮತ್ತು ಅವರ ಪ್ರಕಾಶಕರಿಗೆ ಸೇರುತ್ತದೆ. ಆ ಹಾಡಿನ ನಿರ್ದಿಷ್ಟ ಧ್ವನಿಮುದ್ರಣದ ಹಕ್ಕು ಬಹುತೇಕ ಅದಕ್ಕೆ ಹಣ ಹೂಡಿದ ಕಂಪನಿಯ ಕೈಯಲ್ಲಿರುತ್ತದೆ. ಟ್ರೇಸಿ ಅಲ್ಮನ್ ಅವರ ಹಾಡು ಗೆದ್ದಾಗ ಕರ್ಸ್ಟಿ ಅವರಿಗೆ ರಚನಕಾರ್ತಿಯಾಗಿ ರಾಯಧನ ಸಂದಿತು, ಆದರೆ ಅವರ ಸ್ವಂತ ಮುದ್ರಣಕ್ಕೆ ಅದರಿಂದ ಯಾವ ಲಾಭವೂ ಆಗಲಿಲ್ಲ. ಸಂಕಲನ ಮಾಡುವ ಕಂಪನಿಯೂ ಇದೇ ಕಾರಣಕ್ಕೆ ಇತರ ಕಂಪನಿಗಳ ಬಳಿ ಇರುವ ಒಂದೊಂದು ಮುದ್ರಣಕ್ಕೂ ಪ್ರತ್ಯೇಕವಾಗಿ ಅನುಮತಿ ಪಡೆಯಬೇಕಾಗುತ್ತದೆ. ನಾಲ್ಕು ಕಡೆ ಚದುರಿದ ಗಾಯಕಿಯ ಬಗ್ಗೆ ಯಾರೂ ಬೇಗ ಸಂಕಲನ ತರದಿರುವುದಕ್ಕೆ ಈ ತೊಡಕೂ ಒಂದು ಕಾರಣವಾಗುತ್ತದೆ.

ಸ್ಟಿಫ್ ಬಿಟ್ಟು ಪಾಲಿಡೋರ್ ಸೇರಿದ ಮೇಲೆ, 1981ರಲ್ಲಿ, ಅವರಿಗೆ ಮೊದಲ ಹಿಟ್ ದಕ್ಕಿತು. ಹಾಡಿನ ಶೀರ್ಷಿಕೆಯೇ ಒಂದು ಪೂರ್ತಿ ವಾಕ್ಯ: ಚಿಪ್ಸ್ ಅಂಗಡಿಯಲ್ಲಿ ಕೆಲಸ ಮಾಡುವವನೊಬ್ಬ ತಾನೇ ರಾಕ್ ತಾರೆ ಎಲ್ವಿಸ್ ಎಂದು ಆಣೆ ಮಾಡಿ ಹೇಳುತ್ತಾನೆ ಎಂದು ಅದರ ಅರ್ಥ. ಕೇಳಲು ಇದು ತಮಾಷೆ. ಆದರೆ ಹಾಡಿನ ಒಳಗೆ ಮಾತನಾಡುತ್ತಿರುವವಳು ಮೋಸಹೋದ ಹೆಂಗಸು. ಅಂಗಡಿಯವನು ಎಲ್ವಿಸ್ ಎಂಬುದು ಎಷ್ಟು ನಿಜವೋ ನೀನು ನನಗೆ ನಿಷ್ಠನಾಗಿರುತ್ತೇನೆ ಎಂದದ್ದೂ ಅಷ್ಟೇ ನಿಜ ಎನ್ನುವುದು ಅವಳ ವಾದ. ನಗೆಯ ಹೊದಿಕೆಯ ಕೆಳಗೆ ನೋವನ್ನು ಇಡುವ, ಅಂಗಡಿ ಬೀದಿಯ ಮಾತನ್ನು ನೇರವಾಗಿ ಪಲ್ಲವಿಗೆ ತರುವ ಈ ಗುಣ ಕೊನೆಯವರೆಗೂ ಅವರ ಕೈಬಿಡಲಿಲ್ಲ. ಹಾಡು 14ನೆಯ ಸ್ಥಾನಕ್ಕೆ ಬಂತು. ಅದೇ ಸ್ವಲ್ಪ ತೊಂದರೆಯನ್ನೂ ತಂದಿತು ಎನ್ನಬಹುದು: ನಗಿಸುವ ಹಾಡಿನಿಂದ ಗುರುತಾದವರನ್ನು ಗಂಭೀರ ರಚನಕಾರರೆಂದು ಒಪ್ಪಿಕೊಳ್ಳಲು ವಿಮರ್ಶಕರಿಗಾಗಲಿ ಕಂಪನಿಗಳಿಗಾಗಲಿ ಬೇಗ ಮನಸ್ಸು ಬರುವುದಿಲ್ಲ. ಮುಂದಿನ ಆಲ್ಬಮ್ಮನ್ನು ಪಾಲಿಡೋರ್ ಬಿಡುಗಡೆಯನ್ನೇ ಮಾಡದೆ ಅವರನ್ನು ಕೈಬಿಟ್ಟಿತು.

ಮರಳಿ ಸ್ಟಿಫ್‌ಗೆ ಬಂದಾಗ ಅವರು ಆರಿಸಿಕೊಂಡದ್ದು ಬಿಲ್ಲಿ ಬ್ರ್ಯಾಗ್ ಅವರ ‘ಎ ನ್ಯೂ ಇಂಗ್ಲೆಂಡ್’. ಬ್ರ್ಯಾಗ್ ಅದನ್ನು 1983ರಲ್ಲಿ ಒಂದೇ ಎಲೆಕ್ಟ್ರಿಕ್ ಗಿಟಾರಿನೊಡನೆ, ಒರಟು ದನಿಯಲ್ಲಿ, ಎರಡೂ ಕಾಲು ನಿಮಿಷದೊಳಗೆ ಹಾಡಿ ಮುಗಿಸಿದ್ದರು. ಕರ್ಸ್ಟಿ ಅವರಿಗೆ ಅದು ಚಿಕ್ಕದೆನಿಸಿತು. ಅವರಿಗಾಗಿಯೇ ಬ್ರ್ಯಾಗ್ ಇನ್ನೊಂದು ಚರಣ ಬರೆದುಕೊಟ್ಟರು. ಮೂಲ ಪಲ್ಲವಿಯಲ್ಲಿ ಒಬ್ಬ ಹುಡುಗ, ತನಗೆ ಲೋಕವನ್ನು ಬದಲಿಸುವುದು ಬೇಕಿಲ್ಲ, ಹೊಸ ಇಂಗ್ಲೆಂಡ್ ಬೇಕಿಲ್ಲ, ಇನ್ನೊಬ್ಬ ಹುಡುಗಿ ಸಿಕ್ಕರೆ ಸಾಕು ಎನ್ನುತ್ತಾನೆ. ಕರ್ಸ್ಟಿ ಕೊನೆಯ ಸಾಲನ್ನು ಪ್ರಶ್ನೆಯಾಗಿ ತಿರುಗಿಸಿದರು: ನೀನು ಇನ್ನೊಬ್ಬ ಹುಡುಗಿಯನ್ನು ಹುಡುಕುತ್ತಿದ್ದೀಯಾ? ಎರಡು ಮೂರು ಪದಗಳ ಬದಲಾವಣೆ ಅಷ್ಟೆ. ಆದರೆ ಹುಡುಗನ ಒಂಟಿತನದ ಗೊಣಗಾಟ ಇಲ್ಲಿ ಹೆಣ್ಣೊಬ್ಬಳ ಅನುಮಾನವೂ ಆಹ್ವಾನವೂ ಆಗಿಬಿಡುತ್ತದೆ, ಎರಡರಲ್ಲಿ ಯಾವುದು ಎಂದು ಹೇಳಲು ಬರುವುದಿಲ್ಲ. ನಮ್ಮಲ್ಲಿ ಈಗ ಕವರ್ ಹಾಡು ಎಂದರೆ ಇದ್ದದ್ದನ್ನು ಇದ್ದ ಹಾಗೆ ಮತ್ತೊಬ್ಬರು ಹಾಡಿ ಯೂಟ್ಯೂಬಿಗೆ ಹಾಕುವುದು ಎಂದೇ ಆಗಿದೆ. ಕರ್ಸ್ಟಿ ಅವರ ಕವರ್‌ಗಳು ಮರುರಚನೆಗಳು. 1985ರಲ್ಲಿ ಈ ಹಾಡು ಏಳನೆಯ ಸ್ಥಾನ ತಲುಪಿತು, ಅವರೊಬ್ಬರ ಹೆಸರಿನ ಹಾಡುಗಳಲ್ಲಿ ಅದೇ ಅತಿ ಎತ್ತರ. ಬ್ರ್ಯಾಗ್ ಇಂದಿಗೂ ವೇದಿಕೆಯಲ್ಲಿ ಅವರ ನೆನಪಿಗೆ ಆ ಹೆಚ್ಚುವರಿ ಚರಣವನ್ನು ಸೇರಿಸಿ ಹಾಡುತ್ತಾರೆ.

ಮುಂದಿನ ಹಾಡು ‘ಹೀಸ್ ಆನ್ ದ ಬೀಚ್’. ಬಿಸಿಲಿನ ದೇಶಕ್ಕೆ ಹೊರಟುಹೋದ ಗೆಳೆಯನನ್ನು ನೆನೆಯುವ ಈ ಹಾಡು ‘ಎ ನ್ಯೂ ಇಂಗ್ಲೆಂಡ್’ನಷ್ಟೇ ಚೆನ್ನಾಗಿದೆ; ಆದರೂ ಮಾರಾಟವಾಗಲಿಲ್ಲ. ಅಷ್ಟರಲ್ಲಿ ಸ್ಟಿಫ್ ಕಂಪನಿಯೇ ದಿವಾಳಿಯೆದ್ದಿತು, ಆದರೆ ಅದರೊಡನೆ ಇದ್ದ ಕರಾರು ಮಾತ್ರ ಅವರ ಕೊರಳಿಗೆ ಸುತ್ತಿಕೊಂಡು ಉಳಿಯಿತು. ತಮ್ಮ ಹೆಸರಿನಲ್ಲಿ ಹೊಸ ಹಾಡು ಹೊರತರುವ ಹಾಗಿಲ್ಲದ ಆ ವರ್ಷಗಳಲ್ಲಿ ಅವರು ಬೇರೆಯವರ ರೆಕಾರ್ಡುಗಳಿಗೆ ದನಿಗೂಡಿಸುತ್ತ ಬದುಕಿದರು. ಇದನ್ನು ನಮ್ಮ ಚಿತ್ರರಂಗದ ಅರ್ಥದ ಹಿನ್ನೆಲೆ ಗಾಯನ ಎಂದುಕೊಳ್ಳಬಾರದು. ಇಲ್ಲಿ ಮುಖ್ಯ ಗಾಯಕ ಬೇರೊಬ್ಬ, ಅವನ ಸಾಲಿನ ಹಿಂದೆ ಸಮಸ್ವರಗಳನ್ನು ತುಂಬುವುದು ಇವರ ಕೆಲಸ. ದ ಸ್ಮಿತ್ಸ್ ತಂಡದ ‘ಆಸ್ಕ್’, ರೋಲಿಂಗ್ ಸ್ಟೋನ್ಸ್ ತಂಡದ ‘ಡರ್ಟಿ ವರ್ಕ್’, ಟಾಕಿಂಗ್ ಹೆಡ್ಸ್ ತಂಡದ ‘ನೇಕೆಡ್’ ಇವುಗಳಲ್ಲೆಲ್ಲ ಅವರ ದನಿ ಇದೆ. ಪತಿ ಸ್ಟೀವ್ ಲಿಲಿವೈಟ್ ಆ ಕಾಲದ ಹೆಸರಾಂತ ರೆಕಾರ್ಡ್ ನಿರ್ಮಾಪಕ. ಯು2 ತಂಡದ ‘ದ ಜೋಶುವಾ ಟ್ರೀ’ ಆಲ್ಬಮ್ಮಿನ ಹಾಡುಗಳನ್ನು ಯಾವ ಕ್ರಮದಲ್ಲಿ ಇಡಬೇಕೆಂದು ತಂಡಕ್ಕೆ ತೋಚದಿದ್ದಾಗ ಆ ಹೊಣೆಯನ್ನು ಕರ್ಸ್ಟಿ ಅವರಿಗೇ ಒಪ್ಪಿಸಲಾಯಿತು. ಮೊದಲ ಮತ್ತು ಕೊನೆಯ ಹಾಡು ಯಾವುದೆಂದು ತಂಡ ಹೇಳಿತ್ತು, ನಡುವಿನದನ್ನು ಅವರು ತಮಗೆ ಹೆಚ್ಚು ಹಿಡಿಸಿದ್ದು ಮೊದಲು ಎಂಬಂತೆ ಜೋಡಿಸಿದರು. ಲೋಕವೆಲ್ಲ ಕೇಳಿದ ಆಲ್ಬಮ್ಮಿನಲ್ಲಿ ಹೀಗೂ ಅವರ ಕೈವಾಡವಿದೆ.

‘ಗಲೋರ್’ನ ಐದನೆಯ ಹಾಡನ್ನು ಕೇಳದ ಬ್ರಿಟಿಷರು ಇಲ್ಲವೆನ್ನಬಹುದು. ಶೇನ್ ಮೆಕ್‌ಗೋವನ್ ಮತ್ತು ಜೆಮ್ ಫೈನರ್ ಬರೆದ ‘ಫೇರಿಟೇಲ್ ಆಫ್ ನ್ಯೂಯಾರ್ಕ್’, ದ ಪೋಗ್ಸ್ ತಂಡದ ಯುಗಳಗೀತೆ. ಹೆಣ್ಣಿನ ಭಾಗವನ್ನು ಹಾಡಬೇಕಾಗಿದ್ದ ತಂಡದ ಬಾಸ್ ವಾದಕಿ 1986ರಲ್ಲಿ ತಂಡ ಬಿಟ್ಟಿದ್ದರು. ಲಿಲಿವೈಟ್ ಟೇಪನ್ನು ಮನೆಗೆ ಒಯ್ದು, ಬರಿ ಮಾದರಿಗೆಂದು ಕರ್ಸ್ಟಿ ಅವರಿಂದ ಆ ಭಾಗವನ್ನು ಹಾಡಿಸಿ ತಂದರು. ಕೇಳಿದ ಮೇಲೆ ತಂಡಕ್ಕೆ ಬೇರೆ ಗಾಯಕಿಯ ಯೋಚನೆ ಬರಲಿಲ್ಲ. ಮೆಕ್‌ಗೋವನ್ ಅವರ ಕುಡಿದು ಕೆಟ್ಟಂಥ ದನಿಯ ಎದುರು ಇವರ ಸ್ಪಷ್ಟವಾದ, ಒಂದಿಷ್ಟೂ ಅಲುಗದ ದನಿ ನಿಲ್ಲುತ್ತದೆ. ಬೈಗುಳವನ್ನೂ ಒಂದಕ್ಷರ ನುಂಗದೆ ಉಚ್ಚರಿಸುತ್ತದೆ. ಆ ಜಗಳ ನಿಜವೆನಿಸುವುದು ಅದರಿಂದಲೇ. 1987ರ ಕ್ರಿಸ್‌ಮಸ್‌ಗೆ ಹಾಡು ಎರಡನೆಯ ಸ್ಥಾನದಲ್ಲಿ ನಿಂತಿತು, ಮೊದಲನೆಯದನ್ನು ಪೆಟ್ ಶಾಪ್ ಬಾಯ್ಸ್ ಬಿಟ್ಟುಕೊಡಲಿಲ್ಲ. ಈಗಲೂ ಡಿಸೆಂಬರ್ ಬಂತೆಂದರೆ ಅದು ಮತ್ತೆ ಪಟ್ಟಿಗೆ ಮರಳುತ್ತದೆ. ವರ್ಷಕ್ಕೊಮ್ಮೆ ಇಡೀ ದೇಶ ಕೇಳುವ ದನಿ, ಉಳಿದ ಹನ್ನೊಂದು ತಿಂಗಳು ಯಾರದೆಂದು ಯಾರೂ ಕೇಳದ ದನಿ.

1989ರ ‘ಕೈಟ್’ ಆಲ್ಬಮ್ಮಿನಿಂದ ಸಂಕಲನದ ನಡುಭಾಗ ರೂಪುಗೊಂಡಿದೆ, ಮತ್ತು ನನ್ನ ಮಟ್ಟಿಗೆ ಇಡೀ ‘ಗಲೋರ್’ನ ತಿರುಳು ಇಲ್ಲೇ ಇದೆ. ವರ್ಜಿನ್ ಕಂಪನಿ ಸೇರಿ, ಗಿಟಾರ್‌ಗೆ ದ ಸ್ಮಿತ್ಸ್ ತಂಡದಲ್ಲಿದ್ದ ಜಾನಿ ಮಾರ್ ಅವರಂಥವರು ಜೊತೆಯಾದ ಮೇಲೆ ಅವರ ಬರವಣಿಗೆಗೆ ಹೊಸ ಮೊನೆ ಬಂತು. ‘ಫ್ರೀ ವರ್ಲ್ಡ್’ ಮೂರು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಥ್ಯಾಚರ್ ಕಾಲದ ಬ್ರಿಟನ್ನನ್ನು, ದುಡ್ಡಿದ್ದವನಿಗಷ್ಟೇ ಸ್ವಾತಂತ್ರ್ಯ ಎಂಬ ಅದರ ನೀತಿಯನ್ನು, ಉಸಿರು ತೆಗೆದುಕೊಳ್ಳಲೂ ಬಿಡದೆ ತರಾಟೆಗೆ ತೆಗೆದುಕೊಳ್ಳುತ್ತದೆ. ‘ಡೋಂಟ್ ಕಮ್ ದ ಕೌಬಾಯ್’ ಎಂಬ ಹಾಡು ಕಂಟ್ರಿ ಧಾಟಿಯಲ್ಲಿ, ನನ್ನ ಮುಂದೆ ನಿನ್ನ ಆಟ ನಡೆಯದು ಎಂದು ಗಂಡಸೊಬ್ಬನಿಗೆ ಮೆತ್ತಗೆ ಹೇಳುತ್ತದೆ. ಹೇಳುವವಳಿಗೆ ಅವನ ಮೇಲೆ ಇನ್ನೂ ಮನಸ್ಸಿದೆ ಎಂಬುದು ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತದೆ.

ಇದೇ ಆಲ್ಬಮ್ಮಿನ ‘ಡೇಸ್’ ಹಾಡಿನಲ್ಲಿ ಅವರ ದನಿಯ ಕಸುಬನ್ನು ಹತ್ತಿರದಿಂದ ನೋಡಬಹುದು. ಮೂಲತಃ ಇದು 1968ರಲ್ಲಿ ದ ಕಿಂಕ್ಸ್ ತಂಡಕ್ಕಾಗಿ ರೇ ಡೇವೀಸ್ ಬರೆದದ್ದು. ಅಗಲಿದವರಿಗೆ ಹೇಳುವ ಕೃತಜ್ಞತೆ. ಮುಖ್ಯ ಸಾಲಿನ ಸುತ್ತ ಗುಂಪೊಂದು ಹಾಡುತ್ತಿರುವಂತೆ ಕೇಳುತ್ತದೆ, ಆದರೆ ಆ ಗುಂಪೂ ಅವರೇ. ಮೊದಲು ರಾಗವನ್ನು ಒಂದು ಟ್ರ್ಯಾಕಿನಲ್ಲಿ ಹಾಡಿ, ಅದನ್ನು ಕಿವಿಗೆ ಹಾಕಿಕೊಂಡು ಅದೇ ಸಾಲನ್ನು ಮತ್ತೊಮ್ಮೆ ಹಾಡಿ, ಬಳಿಕ ಷಡ್ಜದ ಮೇಲೆ ಗಾಂಧಾರವನ್ನೂ ಪಂಚಮವನ್ನೂ ಇಟ್ಟ ಹಾಗೆ ಬೇರೆ ಸ್ವರಗಳಲ್ಲಿ ಪದರ ಪದರವಾಗಿ ಹಾಡುತ್ತ ಹೋಗುವುದು ಈ ವಿಧಾನ. ಒಂದೇ ಕಂಠದ ಎರಡು ಹಾಡಿಕೆಗಳು ಎಷ್ಟು ಹೊಂದಿದರೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿದೇ ಉಳಿಯುತ್ತದೆ, ಆ ವ್ಯತ್ಯಾಸವೇ ದನಿಗೆ ದಪ್ಪವನ್ನೂ ಹೊಳಪನ್ನೂ ಕೊಡುತ್ತದೆ. ದನಿಯಲ್ಲಿ ನಡುಕ, ಗಮಕ ಹೆಚ್ಚಿರುವವರಿಗೆ ಈ ಕೆಲಸ ಕಷ್ಟ, ಏಕೆಂದರೆ ಒಂದೊಂದು ಪದರದಲ್ಲೂ ಅಲುಗಾಟ ಬೇರೆಯಾಗಿ ಎಲ್ಲವೂ ಕಲಸಿಹೋಗುತ್ತದೆ. ಕರ್ಸ್ಟಿ ಅವರ ದನಿ ನೇರ, ಬಹುತೇಕ ಅಲಂಕಾರವಿಲ್ಲದ್ದು, ಆದ್ದರಿಂದ ಎಷ್ಟು ಪದರ ಹಾಕಿದರೂ ಮಾತು ಸ್ಪಷ್ಟವಾಗಿ ಕೇಳುತ್ತದೆ. ಬಾಲ್ಯದಿಂದಲೂ ಬೀಚ್ ಬಾಯ್ಸ್ ತಂಡದ ಸಮಸ್ವರಗಳನ್ನು ಆರಾಧಿಸಿದ್ದರ ಫಲ ಇದು. ದನಿಯಲ್ಲಿ ಭಾವ ತುಳುಕುವುದಿಲ್ಲ ಎಂದು ಆಕ್ಷೇಪಿಸುವವರೂ ಇದ್ದಾರೆ. ತುಳುಕದಿರುವುದೇ ಅದರ ಬಿಗಿ ಎಂದು ನಾನು ಭಾವಿಸುತ್ತೇನೆ. ‘ಡೇಸ್’ 12ನೆಯ ಸ್ಥಾನ ಪಡೆಯಿತು.

1991ರ ‘ವಾಕಿಂಗ್ ಡೌನ್ ಮ್ಯಾಡಿಸನ್’ ಜಾನಿ ಮಾರ್ ಅವರೊಡನೆ ಸೇರಿ ಕಟ್ಟಿದ್ದು. ಹಿಪ್‌ಹಾಪ್ ತಾಳದ ಮೇಲೆ ನ್ಯೂಯಾರ್ಕಿನ ಬೀದಿಯಲ್ಲಿ ನಡೆಯುತ್ತ, ಮೇಲಂತಸ್ತಿನ ಸಿರಿವಂತರಿಗೂ ನೆಲಮಾಳಿಗೆಯ ಇಲಿಗಳಿಗೂ ನಡುವಿನ ದೂರ ಅಷ್ಟೇನೂ ಹೆಚ್ಚಲ್ಲ ಎನ್ನುವ ಈ ಹಾಡು 23ನೆಯ ಸ್ಥಾನಕ್ಕೆ ಬಂತು. ಅದರ ಬೆನ್ನಿಗೇ ಬರುವ ‘ಮೈ ಅಫೇರ್’ ಪೂರ್ತಿ ಲ್ಯಾಟಿನ್ ಅಮೆರಿಕದ ಕುಣಿತದ ಲಯ. ಚಿಪ್ಸ್ ಅಂಗಡಿ, ಐರಿಷ್ ಯುಗಳಗೀತೆ, ಹಿಪ್‌ಹಾಪ್, ಕ್ಯೂಬಾದ ತಾಳ: ಬಿಡಿಬಿಡಿಯಾಗಿ ಕೇಳಿದಾಗ ಇವರಿಗೆ ನೆಲೆಯೇ ಇಲ್ಲವೇನೋ ಎನಿಸುವುದು ಸಹಜ, ಅಂಗಡಿಯವರಿಗೂ ಯಾವ ಕಪಾಟಿನಲ್ಲಿ ಇಡಬೇಕೆಂದು ತಿಳಿಯದ ಗಾಯಕಿ ಇವರು. ಸಾಲಾಗಿ ಕೇಳಿದಾಗ ಮಾತ್ರ ಬದಲಾಗುತ್ತಿರುವುದು ವಾದ್ಯಗಳಷ್ಟೇ, ಮಾತನಾಡುವವಳು ಆರಂಭದಿಂದಲೂ ಒಬ್ಬಳೇ ಎಂಬುದು ಕಿವಿಗೆ ಹತ್ತುತ್ತದೆ. ಯಾರ ಬಣ್ಣದ ಮಾತಿಗೂ ಮರುಳಾಗದ, ಆದರೂ ಮತ್ತೆ ಮತ್ತೆ ಪ್ರೀತಿಯಲ್ಲಿ ಬೀಳುವ, ಬಿದ್ದದ್ದಕ್ಕೆ ತಾನೇ ಮೊದಲು ನಗುವ ಹೆಂಗಸು ಅವಳು.

ವರ್ಜಿನ್ ಕಂಪನಿಯನ್ನು 1992ರಲ್ಲಿ ಇಎಂಐ ಕೊಂಡುಕೊಂಡ ಬಳಿಕ ಕರ್ಸ್ಟಿ ಅವರ ಕರಾರು ಮುಗಿಯಿತು. ದಾಂಪತ್ಯ ಮುರಿಯುತ್ತಿದ್ದ ದಿನಗಳ ‘ಟೈಟಾನಿಕ್ ಡೇಸ್’ ಆಲ್ಬಮ್ ಜ಼ಡ್‌ಟಿಟಿಯಿಂದ ಹೊರಬಂತು. ಸಂಕಲನದ ಕೊನೆಯ ಭಾಗದ ಮಬ್ಬು ಅಲ್ಲಿಂದ ಬಂದದ್ದು. ಅವರನ್ನು ಕಳುಹಿಸಿಕೊಟ್ಟಿದ್ದ ವರ್ಜಿನ್ ಹೆಸರಿನಲ್ಲೇ ಎರಡು ಮೂರು ವರ್ಷದ ಬಳಿಕ ‘ಗಲೋರ್’ ಬಂದು ಗೆದ್ದದ್ದು ಈ ವ್ಯಾಪಾರದ ಒಂದು ವಿನೋದ. ಹಳೆಯ ಹಾಡುಗಳನ್ನು ಆಗಲೇ ಕೊಂಡಿರುವ ಅಭಿಮಾನಿಗಳಿಗೂ ಆಸೆ ಹುಟ್ಟಲೆಂದು ಇಂಥ ಸಂಕಲನಗಳ ಬಾಲಕ್ಕೆ ಒಂದೆರಡು ಹೊಸ ಹಾಡು ಕಟ್ಟುವುದು ರೂಢಿ. ಇಲ್ಲಿ ಅವು ‘ಕ್ಯಾರಲೈನ್’ ಮತ್ತು ಇವಾನ್ ಡ್ಯಾಂಡೊ ಅವರೊಡನೆ ಹಾಡಿದ, ಲೂ ರೀಡ್ ಅವರ ‘ಪರ್ಫೆಕ್ಟ್ ಡೇ’. ಮೊದಲನೆಯದು ಅವರ ಉತ್ತಮ ಹಾಡುಗಳ ಸಾಲಿಗೆ ನಿಲ್ಲುತ್ತದೆ, ಎರಡನೆಯದು ಇಲ್ಲದಿದ್ದರೂ ನಡೆಯುತ್ತಿತ್ತು.

ಇಷ್ಟೆಲ್ಲ ಇದ್ದೂ ಅವರು ಏಕೆ ಹಿಂದುಳಿದರು ಎಂಬುದಕ್ಕೆ ಮುಷ್ಕರ, ದಿವಾಳಿ, ಕರಾರುಗಳ ಜೊತೆಗೆ ಇನ್ನೊಂದು ಕಾರಣವಿದೆ. ಅವರಿಗೆ ತೀವ್ರವಾದ ವೇದಿಕೆಯ ಭಯವಿತ್ತು. ಊರೂರು ತಿರುಗಿ ಹಾಡುವುದೇ ರೆಕಾರ್ಡ್ ಮಾರಾಟದ ಮುಖ್ಯ ದಾರಿಯಾಗಿದ್ದ ಕಾಲದಲ್ಲಿ ಅವರು ವರ್ಷಗಟ್ಟಲೆ ವೇದಿಕೆಯಿಂದ ದೂರ ಉಳಿದರು. ತಂದೆ ಯೂಆನ್ ಮಕಾಲ್ ಬ್ರಿಟನ್ನಿನ ಜಾನಪದ ಸಂಗೀತದ ದೊಡ್ಡ ಹೆಸರು. ಆ ನೆರಳೂ ನೆರವಿಗೆ ಬರಲಿಲ್ಲ, ಏಕೆಂದರೆ ಕರ್ಸ್ಟಿ ಬೆಳೆದದ್ದು ಕ್ರಾಯ್ಡನ್‌ನಲ್ಲಿ ತಾಯಿ, ನೃತ್ಯಗಾರ್ತಿ ಜೀನ್ ನ್ಯೂಲವ್ ಅವರ ಬಳಿ. ತಂದೆಯ ಅತ್ಯಂತ ಪ್ರಸಿದ್ಧ ಪ್ರೇಮಗೀತೆ ಬರೆಯಲಾದದ್ದು ಮಗಳು ಹುಟ್ಟುವುದಕ್ಕೆ ಮೊದಲೇ, ಬೇರೊಬ್ಬ ಮಹಿಳೆ ಪೆಗಿ ಸೀಗರ್ ಅವರಿಗಾಗಿ. ಗಂಡಸರ ಆಣೆಗಳನ್ನು ನಂಬದ ಹಾಡುಗಳ ಮೂಲವನ್ನು ಅಲ್ಲಿ ಹುಡುಕುವುದು ಅತಿಯಾದೀತು, ಆದರೂ ಒಮ್ಮೆ ತಿಳಿದ ಮೇಲೆ ಮರೆಯಲಾಗುವುದಿಲ್ಲ.

‘ಗಲೋರ್’ ಕೈಗೆತ್ತಿಕೊಳ್ಳುವವರು ಅದರ ಮಿತಿಯನ್ನೂ ತಿಳಿದಿರಬೇಕು. ಅದು ನಿಲ್ಲುವುದು 1995ರಲ್ಲಿ. ಆ ಬಳಿಕ ಅವರು ಕ್ಯೂಬಾ, ಬ್ರೆಜಿಲ್ ದೇಶಗಳಲ್ಲಿ ತಿರುಗಾಡಿ, ಸ್ಪ್ಯಾನಿಷ್ ಕಲಿತು, 2000ದಲ್ಲಿ ‘ಟ್ರಾಪಿಕಲ್ ಬ್ರೇನ್‌ಸ್ಟಾರ್ಮ್’ ಎಂಬ ಲವಲವಿಕೆಯ ಆಲ್ಬಮ್ ತಂದರು; ‘ಮೈ ಅಫೇರ್’ನಲ್ಲಿ ಒಗ್ಗರಣೆಯಷ್ಟಿದ್ದ ಲ್ಯಾಟಿನ್ ಲಯ ಅಲ್ಲಿ ಅಡುಗೆಯೇ ಆಗಿದೆ. ಅದೇ ವರ್ಷ ಡಿಸೆಂಬರ್ 18ರಂದು ಮೆಕ್ಸಿಕೊದ ಕೊಸುಮೆಲ್‌ನಲ್ಲಿ ಮಕ್ಕಳೊಡನೆ ಸಮುದ್ರದಲ್ಲಿ ಡೈವಿಂಗ್ ಮಾಡುತ್ತಿದ್ದಾಗ, ದೋಣಿಗಳು ಬರಬಾರದ ಜಾಗಕ್ಕೆ ನುಗ್ಗಿದ ಮೋಟಾರು ದೋಣಿಯೊಂದು ಬಡಿದು ಅವರು ತೀರಿಕೊಂಡರು. ಮಗನನ್ನು ದಾರಿಯಿಂದ ಪಕ್ಕಕ್ಕೆ ತಳ್ಳಿ ಉಳಿಸಿದ್ದರು. ಅವರಿಗೆ 41 ವರ್ಷ. ಆಮೇಲೆ ಬಂದ ಸಂಕಲನಗಳಲ್ಲಿ ಕೊನೆಯ ಆಲ್ಬಮ್ಮಿನ ಹಾಡುಗಳೂ ಇವೆ, 2023ರ ‘ಸೀ ದಟ್ ಗರ್ಲ್’ ಎಂಟು ಸಿ.ಡಿ.ಗಳ ಪೆಟ್ಟಿಗೆಯೇ ಆಗಿದೆ. ಆದರೆ ಅವೆಲ್ಲ ಸಾವಿನ ನೆರಳಿನಲ್ಲಿ ಕೂಡಿಸಿದವು. ‘ಗಲೋರ್’ ಮುಂದೆ ಇನ್ನೂ ಬಹಳ ದಾರಿಯಿದೆ ಎಂದುಕೊಂಡಿದ್ದ ಗಾಯಕಿಯ ಆಲ್ಬಮ್.

‘ಟೈಟಾನಿಕ್ ಡೇಸ್’ನಿಂದ ಶೀರ್ಷಿಕೆ ಗೀತೆಯೂ ಇನ್ನೆರಡು ಹಾಡುಗಳೂ ‘ಗಲೋರ್’ಗೆ ಬಂದವು, ‘ಸೋಹೊ ಸ್ಕ್ವೇರ್’ ಮಾತ್ರ ಬರಲಿಲ್ಲ. ಲಂಡನ್ನಿನ ಆ ಸಣ್ಣ ಉದ್ಯಾನದ ಬೆಂಚಿನಲ್ಲಿ ಯಾರಿಗೋ ಕಾಯುವ ಹಾಡು ಅದು. 2001ರಲ್ಲಿ ಅಭಿಮಾನಿಗಳು ಅದೇ ಉದ್ಯಾನದಲ್ಲಿ ಅವರ ಹೆಸರಿನ ಬೆಂಚೊಂದನ್ನು ಇರಿಸಿ, ಸಂಕಲನದಿಂದ ಹೊರಗುಳಿದ ಆ ಹಾಡಿನ ಸಾಲನ್ನೇ ಅದರ ಮೇಲೆ ಕೆತ್ತಿಸಿದರು. ಪ್ರತಿವರ್ಷ ಅಕ್ಟೋಬರ್ 10ರ ಅವರ ಹುಟ್ಟುಹಬ್ಬದ ಆಸುಪಾಸಿನ ಭಾನುವಾರ ಅಭಿಮಾನಿಗಳು ಅಲ್ಲಿ ಸೇರಿ ಹಾಡುತ್ತಾರೆ.